ಫಿಬಿ ಹೊತ್ತ ಕೆಸರು

ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಯುದ್ಧ ಮುಗಿದ ಮೊದಲ ಚಳಿಗಾಲದಲ್ಲಿ, ಚಾರ್ಲ್ಸ್‌ಟನ್ ಬಳಿಯ ನಮ್ಮ ದ್ವೀಪದವರೆಲ್ಲ ಬೆಂಕಿಯ ಮುಂದೆ ಕೂತು ಸಿಹಿಗೆಣಸು ಸುಟ್ಟು ತಿನ್ನುತ್ತಿದ್ದರೆ, ಫಿಬಿ ಒಬ್ಬಳು ಮೊಣಕಾಲುದ್ದ ಕೆಸರಿನಲ್ಲಿ ನಿಂತಿರುತ್ತಿದ್ದಳು. ಸಮುದ್ರದ ನೀರು ಇಳಿದಾಗ ಜೌಗಿನ ದಂಡೆಯುದ್ದಕ್ಕೂ ಕಪ್ಪು ಕೆಸರು ಕಾಣಿಸಿಕೊಳ್ಳುತ್ತದೆ. ಹೊಸಬರು ಅದರ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಾರೆ. ಆ ಕೆಸರನ್ನು ಗುದ್ದಲಿಯಲ್ಲಿ ಕಡಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೊಲಕ್ಕೆ ಸುರಿದರೆ ನಮ್ಮ ಮರಳು ಮಣ್ಣಿಗೆ ಕಸುವು ಬರುತ್ತದೆ. ಅದೂ ಒಂದು ಬೆಳೆಗಲ್ಲ, ಮುಂದಿನ ಎಷ್ಟೋ ಬೆಳೆಗೆ. ಗುಲಾಮಗಿರಿಯ ಕಾಲದಲ್ಲಿ ಹೆಂಗಸರು ಚಾವಟಿಗಿಂತ ಹೆಚ್ಚು ಹೆದರುತ್ತಿದ್ದದ್ದು ಈ ಕೆಲಸಕ್ಕೆ. ಬುಟ್ಟಿಯಿಂದ ತಣ್ಣನೆಯ ನೀರು ಬೆನ್ನಿಗಿಳಿದು ಎಷ್ಟೋ ಬಾಣಂತಿಯರು ಜ್ವರ ಬಂದು ಸತ್ತಿದ್ದರು.

ಪಕ್ಕದ ಗುಡಿಸಲಿನ ರೈನಾಗೆ ಇದನ್ನು ನೋಡಿ ತಡೆಯಲಾಗಲಿಲ್ಲ.

"ಏನೇ ಫಿಬಕ್ಕ, ಧಣಿ ಓಡಿಹೋಗಿ ನಾಕು ವರ್ಷ ಆಯ್ತು. ಇನ್ನೂ ಯಾರಿಗೆ ಹೆದರ್ಕೊಂಡು ಹೊರ್ತಿದೀಯೆ?"

"ಹೆದರ್ಕೊಂಡು ಹೊತ್ತಿದ್ದು ಆವಾಗ. ಈಗ ಆಸೆಗೆ ಹೊರ್ತಿದೀನಿ ಕಣೆ."

"ಆಸೆಗೆ ಯಾರಾದ್ರೂ ಕೆಸರು ಹೊರ್ತಾರಾ! ನಿನ್ನ ತಲೆ ಕೆಟ್ಟಿದೆ."

"ಕೆಟ್ರೆ ಕೆಡ್ಲಿ ಬಿಡು. ತಲೆ ನಂದೇ ಅಲ್ವಾ ಈಗ?"

ಫಿಬಿ ಹುಟ್ಟಿದ್ದು ಶುಕ್ರವಾರ. ನಮ್ಮಲ್ಲಿ ಹುಟ್ಟಿದ ವಾರದ ಮೇಲೆ ಮಗುವನ್ನು ಕರೆಯುವುದು ಹಿರಿಯರು ಆಫ್ರಿಕದಿಂದ ತಂದ ರೂಢಿ; ಶುಕ್ರವಾರದ ಹೆಣ್ಣುಮಗು ಅಂದರೆ ಫಿಬಿ. ಧಣಿ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಲ್ಲಿ ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ, ಕೊನೆಗೆ ಧಣಿಯೂ ಫಿಬಿ ಎಂದೇ ಕರೆದ. ಲಾರ್ಟೀಗ್ ಧಣಿಯ ಹತ್ತಿ ಹೊಲದಲ್ಲಿ ಅಳತೆ ಕೆಲಸ. ಬೆಳಿಗ್ಗೆ ಮೇಸ್ತ್ರಿ ಕಜೋ, ಅವನೂ ನಮ್ಮಂತೆ ಗುಲಾಮನೇ, ಕೋಲು ಹಿಡಿದು ಬಂದು ಒಬ್ಬೊಬ್ಬರಿಗೆ ಒಂದೊಂದು ತುಂಡು ನೆಲ ಅಳೆದು ಕೊಡುತ್ತಿದ್ದ. ನಿನ್ನ ಅಳತೆ ಮುಗಿದರೆ ಉಳಿದ ಹೊತ್ತು ನಿನ್ನದು. ಫಿಬಿ ಹಲ್ಲು ಕಚ್ಚಿ ಬೇಗ ಬೇಗ ಅಗೆದು ಮುಗಿಸಿ, ಗುಡಿಸಲ ಹಿಂದಿನ ಅಂಗೈಯಗಲ ಜಾಗದಲ್ಲಿ ಬೆಂಡೆ, ಕಲ್ಲಂಗಡಿ ಬೆಳೆಯುತ್ತಿದ್ದಳು, ಹಂದಿ ಸಾಕುತ್ತಿದ್ದಳು. ಸ್ವಂತದ್ದು ಅನ್ನುವುದರ ರುಚಿ ಅವಳಿಗೆ ಹತ್ತಿದ್ದು ಅಲ್ಲಿ. ಮಿಕ್ಕಿದ್ದೆಲ್ಲ ಧಣಿಯದ್ದು. ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು ಸಹ ಧಣಿಯದ್ದೇ. ಮಗಳು ಟೆನಾ ಮೈನೆರೆದ ವರ್ಷ, ಧಣಿ ತನ್ನ ಮಗಳ ಮದುವೆಯ ಖರ್ಚಿಗೆಂದು ಅವಳನ್ನು ಜಾರ್ಜಿಯಾ ಕಡೆಯ ಯಾರಿಗೋ ಮಾರಿದ. ಆ ದಿನ ಫಿಬಿ ಅಳತೆ ಮುಗಿಸಲಿಲ್ಲ. ಅಳತೆ ಮುಗಿಸದವರಿಗೆ ಮೇಸ್ತ್ರಿ ಚಾವಟಿ ಎತ್ತಬೇಕು. ಕಜೋ ಎತ್ತಿದ.

ಯುದ್ಧ ಯಾಕೆ ಬಂತು ಎನ್ನುವುದಕ್ಕೆ ಈಗ ಒಬ್ಬೊಬ್ಬರು ಒಂದೊಂದು ರಾಗ ಎಳೆಯುತ್ತಾರೆ. ಫಿಬಿಯ ಗಂಡ ಮಿಂಗೊಗೆ ಮಾತ್ರ ಆ ಗೊಂದಲ ಇರಲಿಲ್ಲ. ಅವನು ಧಣಿಯ ದೋಣಿಯಲ್ಲಿ ಹುಟ್ಟು ಹಾಕುವವನು. ದ್ವೀಪದ ಧಣಿಗಳು ಚಾರ್ಲ್ಸ್‌ಟನ್ನಿಗೆ ಸಭೆಗೆ ಹೋಗುವಾಗ ದೋಣಿಯಲ್ಲಿ ಕಾಲು ಚಾಚಿ ಕೂತು ಮಾತಾಡುತ್ತಿದ್ದರು. ಹುಟ್ಟು ಹಾಕುವವರಿಗೂ ಕಿವಿ ಇದೆ ಅಂತ ಅವರಿಗೆ ಯಾವತ್ತೂ ಅನ್ನಿಸಿದ್ದೇ ಇಲ್ಲ. ಉತ್ತರದವರು ಇವತ್ತು ದೇಶಕ್ಕೆ ಹೊಸದಾಗಿ ಸೇರಿದ ಸೀಮೆಗಳಲ್ಲಿ ಗುಲಾಮರನ್ನು ಇಟ್ಟುಕೊಳ್ಳಬೇಡಿ ಎನ್ನುತ್ತಾರೆ, ನಾಳೆ ಮನೆಗೇ ಬಂದು ಬಿಡಿಸುತ್ತಾರೆ, ಆಳುಗಳಿಲ್ಲದೆ ಹತ್ತಿ ಇಲ್ಲ, ಹತ್ತಿ ಇಲ್ಲದೆ ನಾವಿಲ್ಲ, ದೇಶ ಒಡೆದರೂ ಸರಿ. ಇದನ್ನೇ ಲಾರ್ಟೀಗ್ ಮುಷ್ಟಿ ಕುಟ್ಟಿ ಕುಟ್ಟಿ ಹೇಳುತ್ತಿದ್ದ. ಮಿಂಗೊ ಹುಟ್ಟು ಹಾಕುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, ಮನೆಗೆ ಬಂದು ಹೆಂಡತಿಯ ಕಿವಿಯಲ್ಲಿ ಊದುತ್ತಿದ್ದ.

ಉತ್ತರದ ಹಡಗುಗಳ ತೋಪು ಮೊಳಗಿದ ದಿನ ಧಣಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಳನಾಡಿಗೆ ಓಡಿದ. ನಮ್ಮನ್ನೂ ದನಗಳಂತೆ ಅಟ್ಟಿಕೊಂಡು ಹೋಗಲು ನೋಡಿದ. ಜನ ಜೌಗಿನ ಹುಲ್ಲಿನಲ್ಲಿ ಅಡಗಿ ಕೂತರು. ಮಿಂಗೊ ನೀಲಿ ಕೋಟು ತೊಟ್ಟು ಉತ್ತರದವರ ದಂಡಿಗೆ ಸೇರಿದ, ತೊಡೆಗೆ ಗುಂಡು ತಿಂದ, ಕುಂಟುತ್ತಾ ವಾಪಸು ಬಂದ. ಯುದ್ಧದ ಕೊನೆಯ ವರ್ಷ ಉತ್ತರದ ಸೇನಾಪತಿಯೊಬ್ಬರು ಅಪ್ಪಣೆ ಹೊರಡಿಸಿದರು: ಧಣಿಗಳು ಬಿಟ್ಟು ಓಡಿದ ಕರಾವಳಿಯ ನೆಲವೆಲ್ಲ ಬಿಡುಗಡೆಯಾದವರಿಗೆ. ಅದೇ ಕಜೋ, ಅದೇ ಕೋಲು ಹಿಡಿದು ಈ ಸಲ ಕುಟುಂಬಗಳಿಗೆ ಹೊಲ ಅಳೆದು ಕೊಟ್ಟ. ಅಳೆಯುವಾಗ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಫಿಬಿ ಜೌಗಿನ ಅಂಚಿನ ಹೊಲವನ್ನೇ ಕೇಳಿ ಪಡೆದಳು. ಕೆಸರು ಹೊರುವ ದಾರಿ ಹತ್ತಿರವಾಗಲಿ ಅಂತ ಅಷ್ಟೇ.

ಮಿಂಗೊ ಬೇಡವೆಂದ. "ಮೊದ್ಲು ಈ ವರ್ಷದ ಜೋಳ, ಗೆಣಸು ಹಾಕೋಣ. ಕೆಸರು ಆಮೇಲೆ ನೋಡ್ಕೊಂಡ್ರಾಯ್ತು. ದಂಡಲ್ಲಿ ನಾನು ನೋಡಿದೀನಿ, ಅಪ್ಪಣೆ ಕೊಟ್ಟ ಬಾಯೇ ನಾಳೆ ಬೇರೆ ಹೇಳುತ್ತೆ."

"ಈ ನೀಲಿ ಕೋಟಿಗೆ ನೀನು ಕಾಲು ಕೊಟ್ಟಿದೀಯ. ಅವರ ಮಾತು ನಂಬಲ್ಲ ಅಂತೀಯಲ್ಲ, ನಾಚಿಕೆ ಆಗಲ್ವಾ?"

"ಕಾಲು ಕೊಟ್ಟಿದ್ದಕ್ಕೇ ಹೇಳ್ತಿರೋದು."

ಅವಳು ಕೇಳಲಿಲ್ಲ. ಸ್ವಂತ ನೆಲಕ್ಕೆ ಮಾತ್ರ ಮಾಡುವಂಥ ಕೆಲಸ ಅದು, ಅದನ್ನು ಮಾಡಿಬಿಟ್ಟರೆ ನೆಲ ಸ್ವಂತವಾದಂತೆ ಎಂದು ಅವಳ ಲೆಕ್ಕ. ಚಳಿಗಾಲವೆಲ್ಲ ಹೊತ್ತಳು. ಹೊಲ ಎಣ್ಣೆ ಹಚ್ಚಿದಂತೆ ಕಪ್ಪಗೆ ಹೊಳೆಯತೊಡಗಿತು. ಬೇರೆಯವರ ಹೊಲ ಬೂದಿ ಬಣ್ಣದ್ದು. ದೂರದಿಂದ ನೋಡಿದರೂ ಫಿಬಿಯ ಹೊಲ ಯಾವುದೆಂದು ಹೇಳಬಹುದಿತ್ತು. ಅವಳಿಗೆ ಅದರದ್ದೇ ಜಂಬ.

ಜೋಳ ಬಿತ್ತುವ ಕಾಲ ಬರುವಷ್ಟರಲ್ಲಿ ಲಾರ್ಟೀಗ್ ಬಂದ. ಒಬ್ಬನೇ ಅಲ್ಲ, ನೀಲಿ ಕೋಟಿನ ಲೆಫ್ಟಿನೆಂಟ್ ಒಬ್ಬನನ್ನು ಪಕ್ಕದಲ್ಲಿಟ್ಟುಕೊಂಡು ಬಂದ. ಎಲ್ಲರನ್ನೂ ಚರ್ಚಿಗೆ ಕರೆಸಿದರು. ಲೆಫ್ಟಿನೆಂಟ್ ಇನ್ನೂ ಮೀಸೆ ಸರಿಯಾಗಿ ಬರದವನು. ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ, ವಾಷಿಂಗ್ಟನ್ನಿನಲ್ಲಿ ಈಗ ಹೊಸ ಸರಕಾರ, ಅದು ಓಡಿಹೋದ ಧಣಿಗಳಿಗೆ ಕ್ಷಮೆ ಕೊಟ್ಟಿದೆ, ನೆಲವನ್ನೂ ವಾಪಸು ಕೊಟ್ಟಿದೆ ಎಂದ. ನೀವೆಲ್ಲ ಧಣಿಯ ಜೊತೆ ಕರಾರು ಮಾಡಿಕೊಳ್ಳಬೇಕು, ವಾರದಲ್ಲಿ ಎರಡು ದಿನ ಅವರ ಹತ್ತಿ ಕೆಲಸ, ಅದಕ್ಕೆ ಬದಲಾಗಿ ಗುಡಿಸಲು ಮತ್ತು ಒಂದು ತುಂಡು ಜೋಳದ ನೆಲ. ಒಪ್ಪದವರು ದ್ವೀಪ ಬಿಡಬೇಕು.

ಚರ್ಚಿನಲ್ಲಿ ಹೆಂಗಸರ ಕಡೆಯಿಂದ ಗೊಣಗು ಎದ್ದಿತು. ಲಾರ್ಟೀಗ್ ಎದ್ದು ನಿಂತ. ಮೈ ಇಳಿದಿತ್ತು, ಕೋಟು ಸವೆದಿತ್ತು. ದನಿ ಮಾತ್ರ ಹಳೆಯದೇ.

"ನೋಡ್ರಪ್ಪಾ, ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ. ನನ್ನ ಮಗನೂ ಸತ್ತ ಯುದ್ಧದಲ್ಲಿ. ಅದು ನಿಮಗೋಸ್ಕರ ನಡೆದ ಯುದ್ಧ ಅಂತ ಯಾರೋ ನಿಮ್ಮ ತಲೆ ಕೆಡಿಸಿದಾರೆ. ನಾವು ಹೋರಾಡಿದ್ದು ನಮ್ಮ ರಾಜ್ಯದ ಮಾನಕ್ಕೆ. ಆಳುಗಳ ಮಾತೇ ಇರಲಿಲ್ಲ ಅದರಲ್ಲಿ."

ಹಿಂದಿನ ಬೆಂಚಿನಿಂದ ಮಿಂಗೊ ಕೋಲೂರಿ ಎದ್ದ.

"ದೋಣೀಲಿ ಬೇರೆ ಹೇಳ್ತಿದ್ರಲ್ಲ ಸ್ವಾಮಿ?"

"ಏನು?"

"ಚಾರ್ಲ್ಸ್‌ಟನ್ನಿಗೆ ಹೋಗುವಾಗ. ಆಳುಗಳನ್ನ ಬಿಡೋದಕ್ಕಿಂತ ದೇಶ ಒಡೆಯೋದೇ ವಾಸಿ ಅಂತಿದ್ರಿ. ನಿಮ್ಮ ಕಾಲು ನನ್ನ ಮೊಣಕಾಲಿಗೆ ತಾಗ್ತಿತ್ತು, ಅಷ್ಟು ಹತ್ರ ಕೂತಿದ್ದೆ ನಾನು. ಮಾನದ ಮಾತು ಒಂದ್ಸಲಾನೂ ಕೇಳ್ಲಿಲ್ಲಪ್ಪ."

ಜನ ಗೊಳ್ಳೆಂದು ನಕ್ಕರು. ಲಾರ್ಟೀಗ್‌ನ ಕಿವಿ ಕೆಂಪಾಯಿತು. ಅವನು ಲೆಫ್ಟಿನೆಂಟ್ ಕಡೆ ತಿರುಗಿ, "ಪಾಪ, ಇವನಿಗೆ ಗಾಯ ಆದಮೇಲೆ ನೆನಪು ಸರಿಯಿಲ್ಲ ಅಂತ ಕಾಣುತ್ತೆ," ಎಂದ. ಲೆಫ್ಟಿನೆಂಟ್ ತಲೆಯಾಡಿಸಿದ. ಉರಿದುಹೋಗುವುದು ಇಂಥದ್ದಕ್ಕೆ. ಕಿವಿಯಾರೆ ಕೇಳಿದವನ ನೆನಪು ಸುಳ್ಳು, ಹೇಳಿ ಮರೆತವನ ಮಾತು ನಿಜ. ಹಳೆಯದನ್ನೆಲ್ಲ ಮರೆತು ಕ್ಷಮಿಸಿಬಿಡಿ ಎಂದು ಲೆಫ್ಟಿನೆಂಟ್ ಉಪದೇಶ ಶುರುಮಾಡಿದಾಗ ಫಿಬಿ ಎದ್ದಳು.

"ಕ್ಷಮಿಸೋಣಂತೆ ಬಿಡಿ ಸ್ವಾಮಿ. ನನ್ನ ಹೊಲದ ಮಾತು ಹೇಳಿ. ಅದಕ್ಕೆ ನಾನು ಕೆಸರು ಹಾಕಿದೀನಿ."

"ಏನು ಹಾಕಿದೀಯಮ್ಮ?"

ಲೆಫ್ಟಿನೆಂಟ್‌ಗೆ ಅರ್ಥವಾಗಲಿಲ್ಲ. ಲಾರ್ಟೀಗ್‌ಗೆ ಚೆನ್ನಾಗಿಯೇ ಅರ್ಥವಾಯಿತು. ಅವನು ಮಾರನೆಯ ದಿನ ಬೆಳಿಗ್ಗೆಯೇ ಆ ಹೊಲದಲ್ಲಿ ನಿಂತಿದ್ದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ಮೂಸಿ ನೋಡಿದ. ಫಿಬಿ ಗುಡಿಸಲಿನಿಂದ ಓಡಿ ಬಂದಳು.

"ಭೇಷ್ ಫಿಬಿ. ನಮ್ಮಪ್ಪನ ಕಾಲದಲ್ಲೂ ಈ ಹೊಲ ಹಿಂಗಿರಲಿಲ್ಲ. ಈ ಸಲ ಹತ್ತಿ ಮೊದಲು ಇಲ್ಲೇ ಹಾಕಿಸ್ತೀನಿ."

"ಬೇರೆ ಕಡೆ ಹಾಕ್ಕೊಳ್ಳಿ ಧಣಿ. ಇಷ್ಟು ಜಾಗ ಇದೆ. ಇದನ್ನ ನನ್ನ ಜೋಳದ ನೆಲ ಅಂತ ಬಿಡಿ. ಎರಡಲ್ಲ, ಮೂರು ದಿನ ಬೇಕಾದ್ರೂ ಗೇದು ಕೊಡ್ತೀನಿ."

"ಒಳ್ಳೇ ಹೊಲದಲ್ಲಿ ಯಾರಾದ್ರೂ ಜೋಳ ಹಾಕ್ತಾರಾ? ನಿಂಗೆ ಅತ್ಲಾಗೆ ಪೈನ್ ಮರಗಳ ಹತ್ರ ಕೊಡಿಸ್ತೀನಿ."

ಪೈನ್ ಮರಗಳ ಹತ್ತಿರದ್ದು ಬರೀ ಮರಳು. ಅದು ಇಬ್ಬರಿಗೂ ಗೊತ್ತಿತ್ತು. ಕೆಸರು ಹೊರದೆ ಬೆಂಕಿ ಕಾಯಿಸುತ್ತಾ ಕೂತ ರೈನಾಗೆ ಅವಳ ಹಳೆಯ ತುಂಡೇ ಉಳಿಯಿತು, ಯಾಕೆಂದರೆ ಆ ಬೂದಿ ನೆಲ ಯಾರಿಗೂ ಬೇಕಿರಲಿಲ್ಲ. ಮೈ ಮುರಿದು ದುಡಿದದ್ದೇ ಫಿಬಿಗೆ ಮುಳುವಾಯಿತು. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಸಮುದ್ರದ ನೀರು ಮುಂದಿನ ಸಲ ಇಳಿದಾಗ ಅವಳು ಬುಟ್ಟಿ, ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದಳು. ಮೇಲಿನ ಕಪ್ಪು ಮಣ್ಣನ್ನು ಕೆರೆದು ಬುಟ್ಟಿಗೆ ತುಂಬಿದಳು. ತಲೆಯ ಮೇಲಿಟ್ಟು ಜೌಗಿನವರೆಗೆ ಹೊತ್ತು ನೀರಿಗೆ ಸುರಿದಳು. ಮತ್ತೆ ಬಂದಳು, ಮತ್ತೆ ತುಂಬಿದಳು. ಮೊದಲು ರೈನಾ ನೋಡಿದಳು, ಆಮೇಲೆ ಊರೇ ಬಂದು ಬದುವಿನ ಮೇಲೆ ನಿಂತಿತು.

"ಅಯ್ಯೋ ಇವಳಾ! ಕೆಸರನ್ನ ವಾಪಸು ಹೊರ್ತಿದಾಳೆ ಕಣ್ರೇ!"

ಕೆಲವರು ನಕ್ಕರು. ಕೆಲವರು ಅವಳಿಗೆ ದಾರಿ ಬಿಟ್ಟು ಸರಿದರು. ಕಜೋ ಮುದುಕ ಹತ್ತಿರ ಬಂದ.

"ಮಗಳೇ, ಅದು ಬೆರೆತುಹೋಗಿದೆ. ಎಷ್ಟು ಹೊತ್ರೂ ಬರಲ್ಲ."

"ಗೊತ್ತು ಕಜೋ ಮಾವ."

"ಮತ್ಯಾಕೆ ಹೊರ್ತೀಯ?"

"ಸುಮ್ನೆ ಕೂತ್ರೆ ಯಾರನ್ನಾದ್ರೂ ಕೊಂದುಬಿಡ್ತೀನಿ, ಅದಕ್ಕೆ."

ಯಾರೋ ಹೋಗಿ ಲೆಫ್ಟಿನೆಂಟ್‌ಗೆ ಹೇಳಿದರು. ಅವನು ಇಬ್ಬರು ಸಿಪಾಯಿಗಳ ಜೊತೆ ಬಂದು ಅವಳ ದಾರಿಗೆ ಅಡ್ಡ ನಿಂತ.

"ನಿಲ್ಸಮ್ಮ. ಅದು ಧಣಿಯ ಮಣ್ಣು. ಕದ್ದ ಹಾಗಾಗುತ್ತೆ."

"ಮಣ್ಣು ಅವನದ್ದಂತೆ, ಸರಿ. ಕೆಸರು ಯಾರದ್ದು? ಅದು ಸಮುದ್ರದ್ದು. ದಿನಾ ನೀರು ಬಂದು ಹೋಗೋ ಜಾಗದ್ದು. ನಾನು ಅಲ್ಲಿಂದ ತಂದೆ, ಅಲ್ಲೇ ಹಾಕ್ತಿದೀನಿ. ಅದಕ್ಕೂ ಅವನು ಧಣಿಯಾ?"

"ಹೊಲಕ್ಕೆ ಬಿದ್ದಮೇಲೆ ಹೊಲದ್ದೇ."

"ಹಾಗಾದ್ರೆ ನನ್ನ ಬೆನ್ನು? ಅದೂ ಹೊಲಕ್ಕೆ ಬಿದ್ದಿದೆ. ಅದೂ ಅವನದ್ದೇನಾ? ನೋಡಿ ಹೇಳಿ ಸ್ವಾಮಿ. ನಿಮ್ಮ ಜೊತೆ ನನ್ನ ಗಂಡ ಗುಂಡು ತಿಂದಿದ್ದು ಯಾಕೆ ಅಂತಾನೂ ಹಂಗೇ ಹೇಳಿ."

ಹುಡುಗುಮುಖದ ಆ ಲೆಫ್ಟಿನೆಂಟ್ ನೆಲ ನೋಡಿದ. ಕೆಟ್ಟವನೇನಲ್ಲ, ನಾಚಿಕೆ ಆಗಿತ್ತು ಅವನಿಗೆ. ನಾಚಿಕೆಯಿಂದ ಹೊಲ ವಾಪಸು ಬರುವುದಿಲ್ಲವಲ್ಲ. "ನನಗೆ ಬಂದಿರೋ ಅಪ್ಪಣೆ ಇದು," ಎಂದ. ಸಿಪಾಯಿಯೊಬ್ಬ ಅವಳ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಕೆಸರನ್ನು ಹೊಲಕ್ಕೇ ಸುರಿದ. ಅವನ ಮೈಮೇಲೂ ಮಿಂಗೊ ತೊಟ್ಟಿದ್ದಂಥದೇ ನೀಲಿ ಕೋಟು.

ಕರಾರಿಗೆ ಒಪ್ಪದವರ ಸಾಮಾನುಗಳನ್ನು ಸಿಪಾಯಿಗಳು ಗುಡಿಸಲಿನಿಂದ ಹೊರಗಿಡಲು ಶುರುಮಾಡಿದರು. ಹಲವು ಕುಟುಂಬಗಳು ಪಾತ್ರೆ, ಕೋಳಿ ಕಟ್ಟಿಕೊಂಡು ದೋಣಿ ಹತ್ತಿದವು. ಫಿಬಿಯೂ ಗಂಟು ಕಟ್ಟಿದಳು. ಮಿಂಗೊ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ.

"ಎಲ್ಲಿಗೆ ಹೋಗೋಣ?"

"ಎಲ್ಲಿಗಾದ್ರೂ. ಇವನ ಮುಖ ಕಾಣದ ಕಡೆ."

"ಟೆನಾ ಬಂದ್ರೆ?"

ಫಿಬಿಯ ಕೈ ಗಂಟಿನ ಮೇಲೆ ನಿಂತಿತು. ಯುದ್ಧ ಮುಗಿದಾಗಿನಿಂದ ಮಾರಿಹೋದ ಮಕ್ಕಳು, ಗಂಡಂದಿರು ಒಬ್ಬೊಬ್ಬರಾಗಿ ನಡೆದುಕೊಂಡೇ ಊರಿಗೆ ಬರುತ್ತಿದ್ದರು. ಟೆನಾಗೆ ತಾಯಿಯನ್ನು ಹುಡುಕಲು ಗೊತ್ತಿದ್ದ ಜಾಗ ಪ್ರಪಂಚದಲ್ಲಿ ಇದೊಂದೇ. ಫಿಬಿ ಗಂಟು ಬಿಚ್ಚಿದಳು. ಬಿಚ್ಚುವಾಗ ಗಂಡನಿಗೆ ಬಾಯಿಗೆ ಬಂದಂತೆ ಬೈದಳು. ಅವನು ಅದಕ್ಕೆ ತಯಾರಾಗಿಯೇ ನಿಂತಿದ್ದ, ಎದುರಾಡಲಿಲ್ಲ. ಮಧ್ಯಾಹ್ನ ಇಬ್ಬರೂ ಹೋಗಿ ಕರಾರಿಗೆ ಗುರುತು ಹಾಕಿದರು.

ಆ ಬೇಸಿಗೆ ಕಜೋ ಮತ್ತೆ ಕೋಲು ಹಿಡಿದ. ಯಾರಿಗೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಫಿಬಿಗೆ ಅಳತೆ ಬಂದದ್ದು ಅವಳದೇ ಹೊಲದಲ್ಲಿ. ವಾರದ ಎರಡು ದಿನ ಅಲ್ಲಿ ಹತ್ತಿಯ ಕಳೆ ಕೀಳುತ್ತಿದ್ದಳು, ಮಿಕ್ಕ ದಿನ ಪೈನ್ ಮರಗಳ ಕೆಳಗೆ ಮರಳಿನಲ್ಲಿ ಜೋಳದ ಜೊತೆ ಗುದ್ದಾಡುತ್ತಿದ್ದಳು. ಅವಳ ಜೋಳ ಮೊಣಕಾಲಿಗೆ ಬಂದು ಹಳದಿಯಾಯಿತು. ಹತ್ತಿಯೋ, ಆಳೆತ್ತರ. ಒಂದೊಂದು ಗಿಡದಲ್ಲೂ ಹೂವು ಕಾಯಿ ತೂಗಾಡುತ್ತಿದ್ದವು. ಅಕ್ಕಪಕ್ಕದ ಧಣಿಗಳು ಕುದುರೆ ಹತ್ತಿ ಬಂದು ನೋಡಿ, ಲಾರ್ಟೀಗ್‌ನ ಬೆನ್ನು ತಟ್ಟಿ ಹೋಗುತ್ತಿದ್ದರು. ಫಿಬಿಗೆ ಆ ಗಿಡಗಳನ್ನು ನೋಡಿದರೆ ಹೆಮ್ಮೆ ಆಗುತ್ತಿತ್ತು. ಹೆಮ್ಮೆ ಆಯಿತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

ಬೇಸಿಗೆಯ ಕೊನೆಯಲ್ಲಿ ಹುಳು ಬಿತ್ತು. ದ್ವೀಪದ ತೆಂಕಣ ತುದಿಯಿಂದ ಶುರುವಾಗಿ ಹತ್ತಿ ಹೊಲಗಳನ್ನು ಒಂದೊಂದಾಗಿ ಮುಗಿಸುತ್ತಾ ಬಂತು. ಹುಳು ಬಿದ್ದ ಹೊಲದಲ್ಲಿ ಎಲೆ ಅನ್ನುವುದು ಉಳಿಯುವುದಿಲ್ಲ, ಬರೀ ಕಡ್ಡಿ. ಒಂದೇ ದಾರಿ: ಊರಿನ ಹೆಂಗಸರೆಲ್ಲ ಒಟ್ಟಿಗೆ ಇಳಿದು ಒಂದೊಂದು ಎಲೆ ಮಗುಚಿ, ಹುಳು ಆರಿಸಿ ತುಳಿಯಬೇಕು. ಗುಲಾಮರ ಕಾಲದಲ್ಲಿ ಚಾವಟಿ ಅದನ್ನು ಮಾಡಿಸುತ್ತಿತ್ತು. ಈಗ ಆ ವಾರದ ಕರಾರಿನ ಎರಡು ದಿನ ಮುಗಿದಿದ್ದವು.

ಲಾರ್ಟೀಗ್ ಬಿಸಿಲಲ್ಲಿ ಬೆವೆತು ಫಿಬಿಯ ಬಾಗಿಲಿಗೆ ಬಂದ. ಹಿಂದೆ ಅವನು ಯಾರ ಗುಡಿಸಲಿಗೂ ಕಾಲಿಟ್ಟವನಲ್ಲ. ಟೋಪಿ ಕೈಯಲ್ಲಿತ್ತು.

"ಫಿಬಿ, ಹೆಂಗಸರು ನಿನ್ನ ಮಾತು ಕೇಳ್ತಾರೆ. ಕರ್ಕೊಂಡು ಬಾ. ಸಂಜೆ ಒಳಗೆ ಆರಿಸಿದ್ರೆ ಉಳಿಯುತ್ತೆ."

"ಇವತ್ತು ನನ್ನ ದಿನ ಧಣಿ. ನಿಮ್ಮ ಎರಡು ದಿನ ಆಗಿಹೋಯ್ತು."

"ಈ ವರ್ಷ ನನಗೆ ಇರೋದು ಅದೊಂದೇ ಹೊಲ. ಬೇರೆದೆಲ್ಲ ಹೋಯ್ತು. ಏನು ಬೇಕು ಹೇಳು. ಹಂದಿ ಬೇಕಾ? ಹಸು ಬೇಕಾ? ಏನು ಬೇಕಾದ್ರೂ ಕೇಳು."

ಫಿಬಿ ಮೆಟ್ಟಿಲಿಂದ ಎದ್ದು ನಿಂತಳು. ಒಳಗಿದ್ದ ಮಿಂಗೊ ಬಾಗಿಲಿಗೆ ಬಂದ.

"ಬೆಳೆ ನೀವೇ ತಗೊಳ್ಳಿ," ಎಂದಳು. "ಒಂದು ಕಾಯಿನೂ ನಂಗೆ ಬೇಡ. ನಾನೇ ಇಳಿದು ಆರಿಸ್ತೀನಿ, ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಕೊಯ್ಲು ಆದ್ಮೇಲೆ ಹೊಲ ನಂಗೆ ಬಿಡಿ."

ಲಾರ್ಟೀಗ್ ಅವಳನ್ನೇ ನೋಡಿದ. ಹೂಂ ಎನ್ನುವವನಂತೆ ಒಂದು ಸಲ ಬಾಯಿ ತೆರೆದ. ಆಚೆ ಹೊಲದಿಂದ ಹುಳುಗಳು ಎಲೆ ಕಡಿಯುವ ಚರಚರ ಸದ್ದು ಇಲ್ಲಿಯವರೆಗೆ ಕೇಳುತ್ತಿತ್ತು. ಅವನು ಅತ್ತ ತಿರುಗಿ ನೋಡಿದ, ಇತ್ತ ನೋಡಿದ. ಆಮೇಲೆ ಟೋಪಿ ತಲೆಗಿಟ್ಟುಕೊಂಡ.

"ಅದು ಆಗಲ್ಲ," ಎಂದು ಹೇಳಿ ಹೊರಟುಹೋದ.

ಅವನು ದಾರಿಯ ತಿರುವಿನಲ್ಲಿ ಮರೆಯಾಗುವವರೆಗೆ ಫಿಬಿ ನಿಂತೇ ಇದ್ದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು. ಮಿಂಗೊ ಕುಂಟುತ್ತಾ ಬಂದು ಪಕ್ಕದಲ್ಲಿ ಕೂತ. ಸದ್ದು ಹೊಲದ ಈಚೆ ಅಂಚಿಗೆ ಬಂದಿತ್ತು. ಎಷ್ಟಾದರೂ ಅವಳು ಕೈಯಾರೆ ಸಾಕಿದ ನೆಲದಲ್ಲಿ ಬೆಳೆದ ಗಿಡ. ಅವಳ ಬೆರಳುಗಳು ತಾವಾಗಿಯೇ ಲಂಗದ ಅಂಚನ್ನು ಹಿಂಡುತ್ತಿದ್ದವು.

"ಈಗ್ಲೂ ಹೋದ್ರೆ ಅರ್ಧ ಉಳಿಸ್ಬೋದು," ಎಂದ ಮಿಂಗೊ ಮೆಲ್ಲಗೆ.

"ಯಾರಿಗೆ?" ಎಂದಳು ಫಿಬಿ.